ಬಾಕಿ

ತಮ್ಮನ ಕೋಣೆ ಖಾಲಿ ಮಾಡಲು ಎರಡು ದಿನ ಬೇಕೆಂದು
ರಜೆ ಹಾಕಿ ಬಂದವಳು ನಾನು.
ಅರ್ಧ ದಿನಕ್ಕೇ ಮುಗಿಯಿತು.
ಎರಡು ಅಂಗಿ, ಸುಣ್ಣ ಮೆತ್ತಿದ ಬೂಟು,
ಎಲೆಕಷಾಯ ಹೀರುವ ಸೋರೆಬುರುಡೆ,
ಹಲ್ಲು ಮುರಿದ ಬಾಚಣಿಗೆ,
ದಿಂಬಿನಡಿ ಒಂದು ನೀಲಿ ಕಾರ್ಡು.

ಮನೆಯೊಡತಿ ದೊನ್ಯಾ ಎರ್ಸಿಲಿಯಾ ಬಾಡಿಗೆ ಪುಸ್ತಕ ಬಿಚ್ಚಿ
ಬೆರಳಿಟ್ಟು ತೋರಿಸಿದಳು: ಎಲ್ಲ ಚುಕ್ತಾ.
‘ನಿನ್ನ ಬ್ರೌಲಿಯೋ ಯಾರ ಕಾಸೂ ಬಾಕಿ ಇಟ್ಟವನಲ್ಲ.
ಕಾರ್ಡು ಇಟ್ಟುಕೊ, ಬಸ್ಸಿಗೆ ಬೇಕಾಗುತ್ತದೆ.
ನೋಟು ಹಿಡಿದರೆ ಈ ಊರಿನ ಡ್ರೈವರು ನಗುತ್ತಾನೆ.’

ಇಪ್ಪತ್ತು ವರ್ಷದ ಕೆಳಗೆ ಇವನನ್ನು ಇಲ್ಲಿ ಬಿಡಲು ಬಂದಾಗ
ಬಸ್ಸು ಚಿಲ್ಲರೆ ತಿನ್ನುತ್ತಿತ್ತು, ಬರೀ ಚಿಲ್ಲರೆ.
ನಾಣ್ಯ ಸಿಗಲೆಂದು ಬೇಡದ ಪೆಪ್ಪರಮಿಂಟು ಕೊಂಡೆ,
ಅಂಗಡಿಯವನು ಚಿಲ್ಲರೆಯ ಬದಲು
ಇನ್ನೆರಡು ಪೆಪ್ಪರಮಿಂಟು ಕೊಟ್ಟ.
ನಡೆದೇ ಹೋದೆವು.
ಬಾಯಲ್ಲಿ ಸಿಹಿ, ಹಿಮ್ಮಡಿಯಲ್ಲಿ ಬೊಬ್ಬೆ.

ನೂರಾ ಐವತ್ತೆರಡನೇ ನಂಬರಿನ ಬಸ್ಸು.
ಕಾರ್ಡು ಮುಟ್ಟಿಸಿದೆ, ಯಂತ್ರ ಕಿರುಚಿತು.
‘ಇದರಲ್ಲಿ ಏನೂ ಇಲ್ಲಮ್ಮ’ ಎಂದ ಡ್ರೈವರು,
‘ಏನೂ ಇಲ್ಲದ್ದಕ್ಕಿಂತ ಕಡಿಮೆ ಇದೆ.’
ಹಿಂದೆ ಸಾಲು ಬೆಳೆಯಿತು. ನನ್ನ ಕಿವಿ ಬಿಸಿಯಾಯಿತು.
ಆಸ್ಪತ್ರೆಯ ಬಿಳಿ ಬಟ್ಟೆಯ ಹುಡುಗಿಯೊಬ್ಬಳು
ನನ್ನ ಭುಜದ ಮೇಲಿಂದ ಕೈ ಚಾಚಿ
ತನ್ನ ಕಾರ್ಡು ಮುಟ್ಟಿಸಿಬಿಟ್ಟಳು.
ನೋಟು ಕೊಡಹೋದರೆ ತೆಗೆದುಕೊಳ್ಳಲಿಲ್ಲ.
‘ಮಂಗಳವಾರ ನನಗೂ ಯಾರೋ ಮುಟ್ಟಿಸಿದರು’ ಎಂದಳು,
ಇಳಿಯುವವರೆಗೂ ಮತ್ತೆ ನನ್ನತ್ತ ನೋಡಲಿಲ್ಲ.

ಮೂಲೆಯಂಗಡಿಯಲ್ಲಿ ಸಿಗರೇಟು, ಲಾಟರಿ,
ಪೇಪರುಗಳ ಮೇಲೆ ಮಲಗಿದ ದಪ್ಪ ಬೆಕ್ಕು.
ಎರಡು ಸಾವಿರ ತುಂಬಿಸಿ ಎಂದೆ.
ಯಂತ್ರ ನೋಡಿ ಹೆಂಗಸು ಹೇಳಿದಳು:
‘ಮೊದಲು ಹಳೆಯದು ಮುರಿದುಕೊಳ್ಳುತ್ತದೆ.’
ಹಳೆಯದು ನನ್ನದಲ್ಲ, ತಮ್ಮನದು.
‘ಕಾರ್ಡಿಗೆ ಅದು ಗೊತ್ತಿಲ್ಲವಲ್ಲ.’
ಯಾವತ್ತಿನದು ಎಂದು ಕೇಳಿದೆ.
ಬೆಕ್ಕನ್ನು ಸರಿಸಿ, ಕನ್ನಡಕ ಏರಿಸಿ ಓದಿದಳು:
ಹದಿನಾಲ್ಕನೇ ತಾರೀಕು, ಬೆಳಗಿನ ಐದೂ ನಲವತ್ತು,
ನೂರಾ ಐವತ್ತೆರಡು.

ಎಂಟು ಗಂಟೆಗೆ ಸಾರುವೆ ಮುರಿದಿತ್ತು.

‘ರಸೀದಿ ಬೇಕಾ?’ ಎಂದಳು.
ಬೇಕು ಎಂದೆ.

ಉಳಿದದ್ದನ್ನೂ ಬಾಕಿ ಅನ್ನುತ್ತೇವೆ,
ಕೊಡಬೇಕಾದದ್ದನ್ನೂ.
ಅಂಗಡಿ ಲೆಕ್ಕ ಬರೆಯುತ್ತಿದ್ದ ಅಪ್ಪನಿಗೆ
ಈ ಒಂದು ಮಾತಿನ ಮೇಲೆ ಸಿಟ್ಟಿತ್ತು.
ಯಾರದ್ದು ಯಾರ ಹತ್ತಿರ ಅಂತ
ಮಾತೇ ಹೇಳಬೇಡವೇ, ಎನ್ನುತ್ತಿದ್ದ.

ಮಾರನೆಯ ದಿನ ಮಾಡಲು ಕೆಲಸವಿರಲಿಲ್ಲ.
ಕತ್ತಲಲ್ಲೇ ಎದ್ದು ಅವನ ನಿಲ್ದಾಣದಲ್ಲಿ ನಿಂತೆ.
ಐದೂ ನಲವತ್ತು ಅಂದರೆ ಐದೂ ನಲವತ್ತಾರಕ್ಕೆ ಬಂತು.
‘ಎಲ್ಲಿಗೆ?’ ಎಂದ ಡ್ರೈವರು.
ಇಲ್ಲಿ ಇಳಿಯುವ ಜಾಗ ಹೇಳಿದರಷ್ಟೇ ದರ.
ಅವನು ಎಲ್ಲಿ ಇಳಿಯುತ್ತಿದ್ದನೋ ನನಗೆ ಗೊತ್ತಿಲ್ಲ.
ಕೊನೆಯವರೆಗೆ, ಎಂದೆ.

ಬಸ್ಸಿನ ತುಂಬ ಗಾರೆ ಕೆಲಸದವರು,
ತೊಡೆಯ ಮೇಲೆ ಬುತ್ತಿ, ಗಾಜಿಗೆ ಒರಗಿದ ತಲೆ.
ಒಬ್ಬ ಕಣ್ಣು ಬಿಡದೆಯೇ ಸರಿದು ಜಾಗ ಕೊಟ್ಟ.
ಅವನ ಬೂಟಿಗೂ ಸುಣ್ಣ.
ಏನೂ ಆಗಲಿಲ್ಲ.
ನಿಲ್ದಾಣಕ್ಕಿಷ್ಟು ಮಂದಿ ಇಳಿದರು,
ಕೊನೆಗೆ ನಾನು, ಡ್ರೈವರು, ಮತ್ತು ಬೆಳಕು.

ಸಂಜೆ ಊರಿನ ಬಸ್ಸಿಗೆಂದು ರೆತೀರೋಗೆ ಹೊರಟಾಗ
ಕಾರ್ಡಿನಲ್ಲಿ ಅಷ್ಟು ಉಳಿದಿರಲಿಲ್ಲ.
ಮುಟ್ಟಿಸಿದೆ. ಕಿರುಚುತ್ತದೆಂದು ಕಣ್ಣು ಮುಚ್ಚಿಕೊಂಡೆ.
ಕಿರುಚಲಿಲ್ಲ, ಹಸಿರು ಹತ್ತಿತು.
‘ಸಾಲ ಕೊಟ್ಟಿದೆ, ಹತ್ತಮ್ಮ’ ಎಂದ.

ಅನ್ಯಾತುಯಾದಲ್ಲಿ ನಾವೆಲ್ಲ ಸೈಕಲ್ಲಿನವರು,
ಈ ಕಾರ್ಡು ಕೇಳುವವರಿಲ್ಲ.
ಮಣೆಗೆ ಅಂಟಿದ ಹಿಟ್ಟು ಕೆರೆಯಲು ಹದವಾಗಿದೆ,
ಅಂಚು ತೆಳು, ಚೂರೂ ಬಿಡುವುದಿಲ್ಲ.
ಕೆರೆದು, ತೊಳೆದು, ಒರೆಸಿ
ಕಿಟಕಿಯ ಬಳಿ ನಿಲ್ಲಿಸುತ್ತೇನೆ.
ಆ ಒಂದು ಬಸ್ಸಿನ ದುಡ್ಡು
ಒಳಗೆ ಹಾಗೇ ಇದೆ.